ಸಭೆಯ ಮರ್ಯಾದೆ ಸಭಾಂಗಣದ ಸೊತ್ತಲ್ಲ

ನಮ್ಮ ಸಾಹಿತ್ಯಸಂಘಗಳ, ಸಂಗೀತಸಭೆಗಳ, ಕಾಲೇಜುಗಳ ವೇದಿಕೆಗಳಿಂದ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಕೊರೊನಾ ಕಾಲದಲ್ಲಿ ಗತಿಯಿಲ್ಲದೆ ಪರದೆಯ ಮೇಲೆ ಸಭೆ ನಡೆಸಿದೆವು, ಅದು ಆಪದ್ಧರ್ಮ, ಆಪತ್ತು ಕಳೆಯಿತು, ನಾವು ನಿಜವಾದ ಸಭೆಗೆ ಮರಳಿದೆವು, ಪರದೆಯ ಮೇಲಿನದು ಎಷ್ಟಾದರೂ ನೆರಳು, ಅದರಲ್ಲಿ ಪ್ರಾಣವಿಲ್ಲ – ಎಂಬುದು ಆ ಮಾತಿನ ಸಾರ. ಇದಕ್ಕೆ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ತಟ್ಟುವುದು ಸಹಜವೇ, ಏಕೆಂದರೆ ಅಲ್ಲಿ ಬಂದು ಕುಳಿತಿರತಕ್ಕವರು ಅಲ್ಲಿಗೆ ಬರಲು ಶಕ್ತರಾದವರು. ಬರಲಾರದವರ ಅಭಿಪ್ರಾಯ ಆ ಚಪ್ಪಾಳೆಯಲ್ಲಿ ಸೇರಿಲ್ಲ.

ಈ ಅಭಿಪ್ರಾಯ ತಪ್ಪೆಂದೂ, ತಪ್ಪು ಮಾತ್ರವಲ್ಲದೆ ಅನ್ಯಾಯವೆಂದೂ ನನ್ನ ದೃಢವಾದ ನಂಬಿಕೆ. ಹಲವರು ಮುಖ ತೋರಿ ಮಾತನಾಡುವ ವಿಡಿಯೋ ಕೂಟದ ಮೂಲಕ ನಡೆಯುವ ಸಭೆಯು, ವಿಧಿಯರಿತು ನಡೆಸಿದರೆ, ಯಾವ ಸಭಾಂಗಣದ ಸಭೆಗೂ ಕಡಮೆಯಾದದ್ದಲ್ಲ; ಅದು ಸಪ್ಪೆಯಾಗಿ ಕಂಡ ಕಡೆಯಲ್ಲೆಲ್ಲ ದೋಷವಿರುವುದು ಉಪಕರಣದಲ್ಲಿ ಅಲ್ಲ, ನಾವು ಹಳೆಯ ವೇದಿಕೆಯ ದುರಭ್ಯಾಸಗಳನ್ನೆಲ್ಲ ಹೊತ್ತು ತಂದು ಅದರ ಮೇಲೆ ಹೇರಿದುದರಲ್ಲಿ.

ಮೊದಲಿಗೆ ಸಭೆಯ ಲಕ್ಷಣವೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಒಂದು ಸೂರಿನ ಕೆಳಗೆ ಐನೂರು ಮಂದಿ ಕುಳಿತ ಮಾತ್ರಕ್ಕೆ ಅದು ಸಭೆಯಾಗದು. ರೈಲುನಿಲ್ದಾಣದಲ್ಲಿಯೂ ಅಷ್ಟು ಮಂದಿ ಕುಳಿತಿರುತ್ತಾರೆ. ಒಬ್ಬರು ಆಡಿದ ಮಾತು ಆ ಹೊತ್ತಿಗೇ ಎಲ್ಲರ ಕಿವಿಗೂ ಬೀಳಬೇಕು. ಕೇಳಿದವರಿಗೆ ಪ್ರಶ್ನಿಸುವ ಅವಕಾಶವಿರಬೇಕು. ಪ್ರಶ್ನೆಗೆ ಉತ್ತರ ಕೊಡದೆ ನುಣುಚಿಕೊಂಡರೆ ಆ ನುಣುಚಿಕೆ ಎಲ್ಲರಿಗೂ ಕಾಣಬೇಕು. ಇಷ್ಟಿದ್ದರೆ ಅದು ಸಭೆ. ಇಷ್ಟಿಲ್ಲದಿದ್ದರೆ, ದೀಪ ಬೆಳಗಿ ಹಾರ ಹಾಕಿ ಶಾಲು ಹೊದಿಸಿದರೂ, ಅದು ಜನ ನೆರೆದ ಒಂದು ಸ್ಥಳ ಮಾತ್ರ.

ದೂರದಲ್ಲಿದ್ದವರಿಗೆ ಇಂಥ ಸಭೆ ಬಹುಕಾಲ ದೊರೆಯಲಿಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಪುಟ್ಟ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದಾಗ ಮಾತು ದೂರಕ್ಕೆ ಹೋಯಿತು. ಆದರೆ ಕೇಳಿದವನ ಮಾತು ಹಿಂದಿರುಗಿ ಬರುವ ದಾರಿಯಿರಲಿಲ್ಲ. ದೂರದರ್ಶನದಲ್ಲಿಯೂ ಅಷ್ಟೆ. ಹಲವರು ಹಲವೆಡೆಗಳಿಂದ ಪರಸ್ಪರ ಮಾತನಾಡಿ, ಅದನ್ನು ಉಳಿದವರೆಲ್ಲ ನೇರವಾಗಿ ನೋಡಬಹುದಾದ ಏರ್ಪಾಡು, ಹಣವುಳ್ಳ ಸಂಸ್ಥೆಗಳನ್ನು ಬಿಟ್ಟು ಸಾಮಾನ್ಯರ ಕೈಗೆ ಬಂದದ್ದು 2011ರಿಂದ ಈಚೆಗೆ. ಆ ವರ್ಷ ಗೂಗಲ್ ಸಂಸ್ಥೆಯು ಹತ್ತು ಮಂದಿ ಒಟ್ಟಿಗೆ ಕೂಡಬಹುದಾದ ವಿಡಿಯೋ ಮಾತುಕತೆಯನ್ನು ಉಚಿತವಾಗಿ ಒದಗಿಸಿತು. ಮರುವರ್ಷ ಆ ಮಾತುಕತೆಯನ್ನು ಯೂಟ್ಯೂಬಿನ ಮೂಲಕ ಲೋಕಕ್ಕೆಲ್ಲ ನೇರವಾಗಿ ಬಿತ್ತರಿಸುವ ಸೌಕರ್ಯವನ್ನು ಎಲ್ಲರಿಗೂ ತೆರೆಯಿತು.

ಆ ವಿಡಿಯೋ ಮಾತುಕತೆ ಹುಟ್ಟಿದ ಕೆಲವೇ ತಿಂಗಳಲ್ಲಿ ನಡೆದ ಒಂದು ಪ್ರಸಂಗವನ್ನು ನೆನೆಯಬೇಕು. 2011ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರಿಗೆ ಎಂಬತ್ತು ವರ್ಷ ತುಂಬಿತು. ಆ ಸಂದರ್ಭದ ಉಪನ್ಯಾಸಕ್ಕೆ ಆಹ್ವಾನಿತರಾಗಿದ್ದ ದಲಾಯಿ ಲಾಮಾ ಅವರಿಗೆ ಅಲ್ಲಿಯ ಸರಕಾರದಿಂದ ಸಕಾಲಕ್ಕೆ ವೀಸಾ ದೊರೆಯಲಿಲ್ಲ. ಆಗ ಆ ಇಬ್ಬರು ವೃದ್ಧರು ವಿಡಿಯೋ ಕೂಟದಲ್ಲಿ ಎದುರಾದರು. ಕೇಪ್‌ಟೌನಿನಲ್ಲಿ ನೆರೆದ ಜನ ಅವರ ಸಂಭಾಷಣೆಯನ್ನೂ ನಗೆಯನ್ನೂ ಕೇಳಿತು. ಪರದೆಯ ಮೇಲಿನದು ನೆರಳೆನ್ನುವವರನ್ನು ನಾನು ಕೇಳುತ್ತೇನೆ: ಅಂದು ನಡೆದದ್ದು ಸಭೆಯೋ ಅಲ್ಲವೋ? ಅಲ್ಲವೆಂದಾದರೆ, ಒಂದು ಪ್ರಬಲ ಸರಕಾರ ಮುಚ್ಚಿದ ಬಾಗಿಲನ್ನು ಹಾದುಬಂದು ಅಷ್ಟು ಜನರ ನಡುವೆ ಕೂತದ್ದು ಯಾವುದು?

ಇದು ಮಹಾತ್ಮರ ಸಂಗತಿ, ನಮ್ಮ ನಿತ್ಯದ ವ್ಯವಹಾರಕ್ಕೆ ಅನ್ವಯಿಸದು ಎಂದು ಯಾರಾದರೂ ಹೇಳಬಹುದು. ಹಾಗಾದರೆ ನ್ಯಾಯಾಲಯವನ್ನು ನೋಡೋಣ; ಅದಕ್ಕಿಂತ ನಿತ್ಯದ್ದೂ ಅದಕ್ಕಿಂತ ಗಂಭೀರವಾದದ್ದೂ ಆದ ಸಭೆ ಯಾವುದಿದೆ? ಒಬ್ಬ ಮನುಷ್ಯನ ಸ್ವಾತಂತ್ರ್ಯ, ಒಂದು ಕುಟುಂಬದ ಜಮೀನು, ಒಂದು ಮಗುವಿನ ಪಾಲನೆ ಅಲ್ಲಿ ತೀರ್ಮಾನವಾಗುತ್ತವೆ. 2018ರ ಸೆಪ್ಟೆಂಬರಿನಲ್ಲಿಯೇ, ಅಂದರೆ ಕೊರೊನಾದ ಸುಳಿವೂ ಇಲ್ಲದಿದ್ದ ಕಾಲದಲ್ಲಿ, ನ್ಯಾಯಾಲಯದ ಕಲಾಪಗಳನ್ನು ನೇರವಾಗಿ ಪ್ರಸಾರ ಮಾಡಬಹುದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. 2020ರಲ್ಲಿ ವಿಡಿಯೋ ವಿಚಾರಣೆ ಅನಿವಾರ್ಯವಾಯಿತು, ನಿಜ. ಆದರೆ ನಮ್ಮ ಉಚ್ಚ ನ್ಯಾಯಾಲಯವು ಅದನ್ನು ಆಪದ್ಧರ್ಮವೆಂದು ಕೈಬಿಡಲಿಲ್ಲ. ನೇರ ಪ್ರಸಾರಕ್ಕೆಂದೇ ನಿಯಮಾವಳಿಯನ್ನು ರಚಿಸಿ 2022ರ ಜನವರಿ 1ರಿಂದ ಜಾರಿಗೆ ತಂದಿತು. ಮುಂದಿನ ತಿಂಗಳೇ ಹಿಜಾಬಿನ ಪ್ರಕರಣ ಪೂರ್ಣಪೀಠದ ಮುಂದೆ ಬಂದಾಗ, ಪರ ವಿರೋಧದ ವಾದಗಳನ್ನು ಪತ್ರಿಕೆಯ ಶೀರ್ಷಿಕೆಯಲ್ಲಿ ಅಲ್ಲ, ವಕೀಲರ ಬಾಯಿಂದಲೇ, ನ್ಯಾಯಮೂರ್ತಿಗಳ ಅಡ್ಡಪ್ರಶ್ನೆಗಳ ಸಮೇತ, ನಾಡಿನ ಜನ ಮನೆಮನೆಗಳಲ್ಲಿ ಕುಳಿತು ಕೇಳಿದರು. ಯಾರ ಪಕ್ಷವನ್ನು ಹಿಡಿದವರೇ ಆಗಲಿ, ಕನ್ನಡನಾಡಿನಲ್ಲಿ ಸಂವಿಧಾನದ ಒಂದು ಪ್ರಶ್ನೆಯ ವಾದವನ್ನು ಅಷ್ಟು ಜನ ಅಷ್ಟು ದಿನ ಪಟ್ಟಾಗಿ ಕುಳಿತು ಆಲಿಸಿದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

2023ರ ಡಿಸೆಂಬರಿನಲ್ಲಿ ಏನಾಯಿತೆಂಬುದನ್ನೂ ಮರೆಮಾಚುವುದಿಲ್ಲ. ದುಷ್ಕರ್ಮಿಗಳು ವಿಡಿಯೋ ಕಲಾಪದೊಳಕ್ಕೆ ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದರು. ಉಚ್ಚ ನ್ಯಾಯಾಲಯವು ಕೆಲಕಾಲ ಆ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಎದುರುಪಕ್ಷದವರು ಇದನ್ನು ತಮ್ಮ ವಾದಕ್ಕೆ ಆಧಾರವಾಗಿ ಹಿಡಿಯುತ್ತಾರೆ. ಆದರೆ ನ್ಯಾಯಾಲಯವು ಆ ಬಾಗಿಲನ್ನು ಶಾಶ್ವತವಾಗಿ ಮುಚ್ಚಲಿಲ್ಲ. ಕಾವಲನ್ನು ಬಿಗಿಮಾಡಿ ಮತ್ತೆ ತೆರೆಯಿತು. ಸಭಾಂಗಣದೊಳಕ್ಕೆ ಪುಂಡನೊಬ್ಬ ನುಗ್ಗಿದರೆ ನಾವು ಅವನನ್ನು ಹೊರಗೆ ಹಾಕುತ್ತೇವೆಯೇ ಹೊರತು ಸಭಾಂಗಣವನ್ನು ಕೆಡವುವುದಿಲ್ಲ. ಒಬ್ಬನ ಜೀವಾವಧಿ ಶಿಕ್ಷೆಯ ಮೇಲ್ಮನವಿಯನ್ನು ಪರದೆಯ ಮೇಲೆ ವಾದಿಸಬಹುದಾದರೆ, ಒಂದು ಕಾವ್ಯವಾಚನಕ್ಕೆ, ಒಂದು ಪುಸ್ತಕದ ವಿಮರ್ಶೆಗೆ ಆ ಪರದೆ ಅಯೋಗ್ಯವೆಂದು ಹೇಳುವುದು ಯಾವ ನ್ಯಾಯ?

ಈಗ ಕಲೆಯ ವಿಷಯಕ್ಕೆ ಬರುತ್ತೇನೆ. ಎದುರುಪಕ್ಷದ ವಾದಕ್ಕೆ ನಿಜವಾಗಿ ಬಲವಿರುವುದು ಇಲ್ಲಿಯೇ. ಆದುದರಿಂದ ಇಲ್ಲಿ ನಿಧಾನಿಸುವುದು ಯುಕ್ತ. ಬೆಂಗಳೂರಿಗೂ ಕ್ಯಾಲಿಫೋರ್ನಿಯಕ್ಕೂ ನಡುವೆ ಸುಮಾರು 14,000 ಕಿಲೋಮೀಟರುಗಳ ಅಂತರವಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಅಂದಮೇಲೆ ನೇರವಾದ ಎಳೆಯೊಂದನ್ನು ಎಳೆದರೂ ಧ್ವನಿ ಅಲ್ಲಿಗೆ ತಲಪಲು 70 ಮಿಲಿಸೆಕೆಂಡಾದರೂ ಬೇಕು. ವಾಸ್ತವದಲ್ಲಿ ಅದರ ಎರಡು ಮೂರು ಪಟ್ಟು ಹಿಡಿಯುತ್ತದೆ. ಮಾತಿಗೆ ಇದು ಬಾಧಕವಲ್ಲ. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ತೊಡಕೇ ಇಲ್ಲವೆಂದೂ, ಅದನ್ನು ಮೀರಿದರೂ ಒಂದು ಮಿತಿಯವರೆಗೆ ನಡೆಯುತ್ತದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ. ಆದರೆ ತಾಳದಲ್ಲಿ ಕೂಡಿ ನುಡಿಸತಕ್ಕವರಿಗೆ ಮೂವತ್ತು ಮಿಲಿಸೆಕೆಂಡು ಮೀರಿದರೆ ಲಯ ಜಗ್ಗತೊಡಗುತ್ತದೆ. ಆದಕಾರಣ ಗಾಯಕಿ ಮೈಸೂರಿನಲ್ಲಿಯೂ ಮೃದಂಗದವರು ಚಿಕಾಗೋದಲ್ಲಿಯೂ ಕುಳಿತು ಕೃತಿಯೊಂದನ್ನು ಕೂಡಿ ನಡೆಸುವುದು ಆಗದ ಮಾತು. ಮುಂದೆಯೂ ಆಗದು, ಬೆಳಕಿನ ವೇಗವನ್ನು ಹೆಚ್ಚಿಸಲು ಯಾವ ಇಂಜಿನಿಯರಿಗೂ ಸಾಧ್ಯವಿಲ್ಲ. ಇದನ್ನು ಮುಕ್ತಮನಸ್ಸಿನಿಂದ ಒಪ್ಪುತ್ತೇನೆ.

ಆದರೆ ಇದರಿಂದ ಹೊರಡುವ ನಿರ್ಣಯವೇನು? ಕೂಡಿ ನುಡಿಸುವ ಕಲೆಗಳಿಗೆ ಈ ಸಾಧನ ಒಗ್ಗದು. ಸರದಿಯಿಂದ ನಡೆಯುವ ಕಲೆಗಳಿಗೆ ಒಗ್ಗುತ್ತದೆ. ಸರದಿಯಿಂದ ನಡೆಯುವ ಕಲೆಗಳಲ್ಲಿ ಕನ್ನಡದಷ್ಟು ಸಂಪನ್ನವಾದ ನುಡಿಗಳು ವಿರಳ. ಗಮಕವನ್ನೇ ತೆಗೆದುಕೊಳ್ಳಿ. ವಾಚಕರು ಕುಮಾರವ್ಯಾಸನ ಒಂದು ಷಟ್ಪದಿಯನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ. ಆ ಬಳಿಕ ವ್ಯಾಖ್ಯಾನಕಾರರು ಅರ್ಥವನ್ನು ಬಿಡಿಸುತ್ತಾರೆ. ಅವರು ಮುಗಿಸಿದ ಮೇಲೆ ಮುಂದಿನ ಪದ್ಯ. ಇಬ್ಬರ ಧ್ವನಿಯೂ ಒಮ್ಮೆಗೇ ಏಳಬೇಕಾದ ಪ್ರಸಂಗವೇ ಇಲ್ಲ. ವಾಚಕರು ಹೊಸಹಳ್ಳಿಯಲ್ಲಿಯೂ ವ್ಯಾಖ್ಯಾನಕಾರರು ಸಿಂಗಪುರದಲ್ಲಿಯೂ ಇದ್ದರೆ ರಸಕ್ಕೆ ಏನೂ ಭಂಗವಿಲ್ಲ. ತಾಳಮದ್ದಳೆಯಲ್ಲಿ ಭಾಗವತರೂ ಹಿಮ್ಮೇಳದವರೂ ಒಂದೆಡೆ ಕುಳಿತಿದ್ದರಾಯಿತು. ಅರ್ಥಧಾರಿಗಳು ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ವಾದಕ್ಕೆ ಪ್ರತಿವಾದ ಹೂಡಬಹುದು. ಕೃಷ್ಣಸಂಧಾನದ ಕೌರವನಿಗೂ ಕೃಷ್ಣನಿಗೂ ನಡುವೆ ಕಾಲು ಸೆಕೆಂಡು ಕಳೆದರೆ ಹೋಗುವುದೇನು? ಕವಿಗೋಷ್ಠಿ, ಶಾಸ್ತ್ರಚರ್ಚೆ, ಸಂದರ್ಶನ, ಪುಸ್ತಕಾವಲೋಕನ – ಇವೆಲ್ಲ ಒಬ್ಬರಾದ ಮೇಲೆ ಒಬ್ಬರು ಮಾತನಾಡುವವೇ.

ಒಮ್ಮೆ ಒಂದು ಗಮಕದ ಕೂಟದಲ್ಲಿ ವಾಚನವೇಕೋ ನಿರ್ಜೀವವಾಗಿ ಕೇಳುತ್ತಿತ್ತು. ವಾಚಕಿಯವರ ಪಕ್ಕದಲ್ಲಿ ತಂಬೂರಿ ಮೀಟುತ್ತಿದ್ದುದು ಪರದೆಯಲ್ಲಿ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವರ ಧ್ವನಿಯೂ ದೀರ್ಘಸ್ವರಗಳ ಕೊನೆಯಲ್ಲಿ ಕತ್ತರಿಸಿದಂತೆ ನಿಲ್ಲುತ್ತಿತ್ತು. ಕೂಟದಲ್ಲಿದ್ದ ಒಬ್ಬ ಹುಡುಗಿ ಕಾರಣವನ್ನು ಹಿಡಿದಳು. ಈ ತಂತ್ರಾಂಶಗಳು ಕಚೇರಿಯ ಮಾತಿಗಾಗಿ ರಚಿತವಾದವು. ಫ್ಯಾನಿನ ಸದ್ದಿನಂತೆ ಏಕಸಮನಾಗಿ ಬರುತ್ತಿರುವ ನಾದವನ್ನೆಲ್ಲ ಗದ್ದಲವೆಂದು ಎಣಿಸಿ ಅಳಿಸಿಬಿಡುತ್ತವೆ. ಏಕಸಮನಾದ ಶ್ರುತಿಯೇ ತಂಬೂರಿಯ ಧರ್ಮ. ಆದ್ದರಿಂದ ಅಳಿದದ್ದು ಅದೇ. “ಅಮ್ಮಾ, ಸೆಟ್ಟಿಂಗ್ಸಿಗೆ ಹೋಗಿ ಒರಿಜಿನಲ್ ಸೌಂಡ್ ಆನ್ ಮಾಡಿ” ಎಂದು ಆಕೆ ಹೇಳಿಕೊಟ್ಟಳು; ವಾಚಕಿಯವರು ತಡವರಿಸುತ್ತ ಆ ಗುಂಡಿಯನ್ನು ಒತ್ತಿದರು. ಶ್ರುತಿ ತುಂಬಿಬಂತು, ಮುಂದಿನ ಪದ್ಯಕ್ಕೆ ಎಲ್ಲರ ಮುಖವೂ ಅರಳಿತು. ಆ ಒಂದು ಗುಂಡಿಯನ್ನು ಒತ್ತಲರಿಯದೆ ಹೋಗಿದ್ದರೆ ಅಂದು ಕೇಳಿದವರೆಲ್ಲ, ಆನ್‌ಲೈನಿನಲ್ಲಿ ಸಂಗೀತಕ್ಕೆ ಪ್ರಾಣವಿಲ್ಲವೆಂಬ ಸಿದ್ಧಾಂತವನ್ನು ಹೊತ್ತುಕೊಂಡು ಏಳುತ್ತಿದ್ದರು. ನಮ್ಮಲ್ಲಿ ಚಲಾವಣೆಯಲ್ಲಿರುವ ಸಿದ್ಧಾಂತದ ಬಹುಭಾಗ ಇಂಥ ಒತ್ತದ ಗುಂಡಿಗಳಿಂದ ಹುಟ್ಟಿದ್ದೆಂದು ನನ್ನ ಎಣಿಕೆ.

ಉಳಿದ ಭಾಗ ಹುಟ್ಟಿದ್ದು 2020ರ ಮತ್ತು ಅದರ ಮರುವರ್ಷದ ವೆಬಿನಾರುಗಳಿಂದ. ಅವುಗಳ ಕ್ರಮವನ್ನು ಕಂಡವರು ಮರೆಯಲಾರರು. ಸ್ವಾಗತ, ಮೊದಲೇ ಮುದ್ರಿಸಿಟ್ಟ ಪ್ರಾರ್ಥನೆ, ಅತಿಥಿಗಳ ಪರಿಚಯ, ಪ್ರಾಂಶುಪಾಲರ ಪರಿಚಯ, ಪರಿಚಯ ಮಾಡಿದವರಿಗೆ ವಂದನೆ, ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತಿತ್ತು. ಉಪನ್ಯಾಸಕರು ಕಪ್ಪು ಚೌಕಗಳ ಸಾಲನ್ನು ನೋಡುತ್ತ ಮಾತನಾಡುತ್ತಿದ್ದರು. ಕೇಳುಗರೆಲ್ಲರನ್ನೂ ಮ್ಯೂಟ್ ಮಾಡಲಾಗಿತ್ತು, ಅವರ ಕ್ಯಾಮೆರಾ ಆರಿತ್ತು. ಪ್ರಶ್ನೆಗೆ ಉಳಿದದ್ದು ಐದು ನಿಮಿಷ. ಆ ಐದು ನಿಮಿಷವೂ, ಇ-ಪ್ರಮಾಣಪತ್ರಕ್ಕಾಗಿ ತುಂಬಬೇಕಾದ ಫೀಡ್‌ಬ್ಯಾಕ್ ಫಾರಮಿನ ಲಿಂಕು ಎಲ್ಲಿ ಎಂಬ ವಿಚಾರಣೆಯಲ್ಲಿ ಮುಗಿಯುತ್ತಿತ್ತು. ಇದನ್ನು ಸಭೆಯೆಂದು ನಾನೂ ಕರೆಯುವುದಿಲ್ಲ. ಆದರೆ ಇದರಲ್ಲಿ ಪರದೆಯ ಅಪರಾಧವೇನು? ಸ್ವಾಗತ ವಂದನೆಗಳ ಆ ಮೆರವಣಿಗೆ, ಕೇಳುಗನು ಬಾಯಿ ಬಿಡಬಾರದೆಂಬ ಆ ಕಟ್ಟಳೆ, ಹಾಜರಿಗಾಗಿ ಬಂದು ಕೂರುವ ಆ ಶ್ರೋತೃವರ್ಗ – ಇವೆಲ್ಲ ನಮ್ಮ ಸಭಾಂಗಣಗಳಲ್ಲಿ ಅರ್ಧ ಶತಮಾನದಿಂದ ಬೇರೂರಿದ್ದ ರೋಗಗಳು. ಸಭಾಂಗಣದಲ್ಲಿ ಕಾಫಿಯ ಪರಿಮಳವೂ ಗೆಳೆಯರ ಹರಟೆಯೂ ಅವನ್ನು ಮುಚ್ಚಿದ್ದವು. ಪರದೆ ಅವನ್ನು ಬಯಲಿಗೆ ತಂದಿತು. ರೋಗವನ್ನು ತೋರಿಸಿಕೊಟ್ಟದ್ದಕ್ಕೆ ವೈದ್ಯನನ್ನು ದಂಡಿಸಬಾರದು.

ಪರದೆಯ ಮೇಲೆ ಸಭೆ ನಡೆಸುವುದೂ ಒಂದು ವಿದ್ಯೆ, ಕಲಿಯದೆ ಬಾರದು. ಮಾತಿನಲ್ಲಿ ಪಾಲುಗೊಳ್ಳತಕ್ಕವರು ಇಪ್ಪತ್ತೋ ಮೂವತ್ತೋ ಮಂದಿ ಒಳಕೂಟದಲ್ಲಿ, ಮುಖ ತೋರಿಸಿಕೊಂಡು ಇರಲಿ. ಕೇಳಿದರೆ ಸಾಕೆನ್ನುವವರು ಯೂಟ್ಯೂಬಿನ ನೇರ ಪ್ರಸಾರದಲ್ಲಿ ನೋಡಲಿ. ಆ ಪ್ರಸಾರ ಹಲವು ಸೆಕೆಂಡು ಹಿಂದೆ ಬೀಳುವುದರಿಂದ ಅಲ್ಲಿಂದ ಬಂದ ಪ್ರಶ್ನೆಗಳನ್ನು ಆಯ್ದು ಓದಲು ಒಬ್ಬರನ್ನು ನೇಮಿಸಬೇಕು. ಬಾಗಿಲು ಕಾಯಲು ಒಬ್ಬರು, ಧ್ವನಿಯನ್ನು ಗಮನಿಸಲು ಒಬ್ಬರು. ಅಧ್ಯಕ್ಷರಾದವರು ಇವೆರಡರ ಗೊಡವೆಗೆ ಹೋಗದೆ ಮುಖಗಳನ್ನು ನೋಡುತ್ತ, ಮಾತನಾಡದೆ ಸಂಕೋಚದಿಂದ ಕುಳಿತವರನ್ನು ಹೆಸರು ಹಿಡಿದು ಕರೆಯಬೇಕು. ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವನ ಹೆಸರು ವೇದಿಕೆಯ ಮೇಲಿನವರಿಗೆ ತಿಳಿಯದು. ಇಲ್ಲಿ ಪ್ರತಿಯೊಂದು ಮುಖದ ಕೆಳಗೂ ಹೆಸರಿದೆ, ಅಧ್ಯಕ್ಷರ ಚೌಕಕ್ಕೂ ಪ್ರಥಮ ಬಿ.ಎ. ವಿದ್ಯಾರ್ಥಿನಿಯ ಚೌಕಕ್ಕೂ ಅಳತೆ ಒಂದೇ. ಈ ಸಮಾನತೆಯನ್ನು ಕಂಡು ಸಂತೋಷಪಡಬೇಕಾದ ನಾವು, ಎಲ್ಲರ ಬಾಯಿಗೂ ಬೀಗ ಹಾಕಿ ಪರದೆಯನ್ನು ಹಳೆಯ ವೇದಿಕೆಯನ್ನಾಗಿ ಮಾಡಿದೆವು.

ಪರದೆಯ ಮುಂದೆ ಕೂತರೆ ಆಯಾಸವಾಗುತ್ತದೆಂಬ ಆಕ್ಷೇಪವೂ ಉಂಟು. ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್ಸನ್ ಅವರು 2021ರಲ್ಲಿ ಆ ಆಯಾಸದ ಕಾರಣಗಳನ್ನು ವಿವರಿಸಿ ಬರೆದರು: ಎಡೆಬಿಡದೆ ತೀರ ಹತ್ತಿರದಿಂದ ನೆಟ್ಟ ಕಣ್ಣುಗಳು, ತನ್ನ ಮುಖವನ್ನೇ ತಾನು ನೋಡುತ್ತಿರಬೇಕಾದುದು, ಕದಲದೆ ಕೂರಬೇಕಾದುದು, ಸನ್ನೆಗಳನ್ನು ಅರಿಯಲು ಮನಸ್ಸು ಪಡುವ ಹೆಚ್ಚಿನ ಶ್ರಮ. ಇವುಗಳಿಗೆ ಪರಿಹಾರವನ್ನೂ ಅವರು ಹೇಳಿದರು. ತನ್ನ ಚಿತ್ರವನ್ನು ಮರೆಮಾಡಿಕೊಳ್ಳುವುದು ಅವುಗಳಲ್ಲೊಂದು. ದಿನವಿಡೀ ಕಚೇರಿಯ ಕೂಟಗಳಲ್ಲಿ ಕಳೆದು ಬಳಲಿದವರ ಅನುಭವವನ್ನು, ತಿಂಗಳಿಗೊಮ್ಮೆ ಒಂದೂವರೆ ಗಂಟೆ ತಾನಾಗಿ ಬಯಸಿ ಬಂದು ಕೂರುವ ರಸಿಕನಿಗೆ ಆರೋಪಿಸುವುದು ಸಲ್ಲದು.

ಇದಕ್ಕಿಂತ ಭಾರವಾದ ಆಕ್ಷೇಪವೊಂದಿದೆ: ನೆಟ್‌ವರ್ಕ್ ಇಲ್ಲದವರ ಗತಿಯೇನು? 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಆ ಚಿತ್ರವನ್ನು ತೋರಿಸಿ ಆನ್‌ಲೈನ್ ವ್ಯವಸ್ಥೆಯನ್ನೇ ಜರೆಯುವವರು ಅದರ ಅರ್ಥವನ್ನು ತಿರುವುಮುರುವು ಮಾಡುತ್ತಿದ್ದಾರೆ. ಆ ಮಗು ಮಳೆಯಲ್ಲಿ ಕುಳಿತದ್ದು ಪಾಠ ಬೇಡವೆಂದಲ್ಲ, ಬೇಕೆಂದು. ಅದು ಕೇಳುತ್ತಿದ್ದುದು ಮೊಬೈಲ್ ಗೋಪುರವನ್ನು, ಕನಿಕರವನ್ನಲ್ಲ. ರಸ್ತೆಯಿಲ್ಲದ ಊರಿಗೆ ರಸ್ತೆ ಮಾಡಿಸಬೇಕೇ ಹೊರತು, ರಸ್ತೆಯಿರುವ ಊರಿನಲ್ಲಿ ಬಸ್ಸು ಓಡಬಾರದೆಂದು ಹೇಳಲಾಗದು.

ನೆಟ್‌ವರ್ಕ್ ಇಲ್ಲದವರ ಪರವಾಗಿ ಇಷ್ಟು ಮರುಗುವ ನಾವು, ಸಭಾಂಗಣಕ್ಕೆ ಬರಲಾರದವರ ಪರವಾಗಿ ಎಂದಾದರೂ ಮರುಗಿದ್ದೇವೆಯೆ? ಬೆಂಗಳೂರಿನ ಸಾಹಿತ್ಯಸಭೆಗಳು ಬಹುಮಟ್ಟಿಗೆ ಚಾಮರಾಜಪೇಟೆ, ಬಸವನಗುಡಿ, ರವೀಂದ್ರ ಕಲಾಕ್ಷೇತ್ರಗಳ ಆಸುಪಾಸಿನಲ್ಲಿಯೇ ನಡೆಯುತ್ತ ಬಂದಿವೆ. ಯಲಹಂಕದವರಿಗೆ, ವೈಟ್‌ಫೀಲ್ಡಿನವರಿಗೆ ಸಂಜೆಯ ವಾಹನದಟ್ಟಣೆಯಲ್ಲಿ ಅವು ಪರಸ್ಥಳಗಳೇ. ಸಂಜೆ ಆರು ಗಂಟೆಗೆ ಒಲೆಯ ಮುಂದಿರಬೇಕಾದ ಗೃಹಿಣಿ, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಕದಲಲಾರದ ಮಗ, ಗಾಲಿಕುರ್ಚಿಯಲ್ಲಿರುವ ವಿದ್ವಾಂಸ, ಧ್ವನಿವರ್ಧಕದ ಪ್ರತಿಧ್ವನಿಯಲ್ಲಿ ಒಂದು ಮಾತೂ ಕೇಳಿಸದ ಮಂದಕಿವಿಯ ವೃದ್ಧ – ಇವರು ಎಷ್ಟು ವರ್ಷಗಳಿಂದ ನಮ್ಮ ಸಭೆಗಳ ಹೊರಗೆ ನಿಂತಿದ್ದಾರೆ! ಆ ವೃದ್ಧನು ಹೆಡ್‌ಫೋನು ಹಾಕಿಕೊಂಡು, ಧ್ವನಿಯನ್ನು ತನಗೆ ಬೇಕಾದಷ್ಟು ಏರಿಸಿಕೊಂಡು, ಉಪನ್ಯಾಸಕರ ತುಟಿಗಳನ್ನು ಹತ್ತಿರದಿಂದ ನೋಡುತ್ತ ಮೊದಲ ಬಾರಿಗೆ ಪೂರ್ತಿ ಉಪನ್ಯಾಸವನ್ನು ಕೇಳಿದ್ದು ಪರದೆಯ ಸಭೆಯಲ್ಲಿ. ಅವನ ಮುಂದೆ ನಿಂತು ಇದು ನಿಜವಾದ ಸಭೆಯಲ್ಲ ಎನ್ನುವ ಧೈರ್ಯ ನನಗಿಲ್ಲ.

ಹೊರನಾಡಿನವರ ಮಾತೂ ಇದೆ. ಶನಿವಾರ ಸಂಜೆ ಆರೂವರೆಗೆ ಬೆಂಗಳೂರಿನಲ್ಲಿ ಸಭೆ ಆರಂಭವಾದರೆ, ದುಬೈಯಲ್ಲಿ ಸಂಜೆ ಐದು, ಸಿಂಗಪುರದಲ್ಲಿ ರಾತ್ರಿ ಒಂಬತ್ತು, ಬೇಸಿಗೆಯಲ್ಲಾದರೆ ಲಂಡನ್ನಿನಲ್ಲಿ ಮಧ್ಯಾಹ್ನ ಎರಡು, ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತು. ಈ ಊರುಗಳಲ್ಲಿರುವ ಕನ್ನಡಿಗರೆಲ್ಲ ನಿದ್ದೆಗೆಡದೆ ಕೂಡಿ ಕೂರಬಹುದಾದ ಹೊತ್ತು ಅದು. ಕ್ಯಾಲಿಫೋರ್ನಿಯದವರು ಮಾತ್ರ ಬೆಳಗಿನ ಆರಕ್ಕೆ ಏಳಬೇಕು; ಏಳುತ್ತಾರೆ, ಎದ್ದುದನ್ನು ನಾನು ಕಂಡಿದ್ದೇನೆ. ಎರಡು ವರ್ಷಕ್ಕೊಮ್ಮೆ ಕನ್ನಡಕೂಟಗಳ ಸಮ್ಮೇಳನಕ್ಕೆ ವಿಮಾನದಲ್ಲಿ ಅತಿಥಿಗಳನ್ನು ಕರೆಸಿ ಕಳುಹಿಸುವುದರ ಜೊತೆಗೆ, ತಿಂಗಳಿಗೊಂದು ಶನಿವಾರ ಆ ಹೊತ್ತನ್ನು ಸಭೆಗೆ ಮೀಸಲಿಟ್ಟರೆ ಭಾಷೆಗೆ ಆಗುವ ಉಪಕಾರ ಇನ್ನೂ ಹೆಚ್ಚಿನದು.

ಮುಖಾಮುಖಿ ಸಭೆಯನ್ನು ಬಿಡಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು ನಡೆಯುವ ಮಾತು ಪರದೆಯಲ್ಲಿ ದೊರೆಯುವುದಿಲ್ಲ, ಅದರ ಬೆಲೆಯನ್ನು ಬಲ್ಲೆ. ನಾನು ವಿರೋಧಿಸುವುದು, ಎರಡನೆಯ ಬಾಗಿಲನ್ನು ತೆರೆದು, ಅದರಿಂದ ಬಂದವರನ್ನು ಎರಡು ವರ್ಷ ಕೂರಿಸಿಕೊಂಡು, ಈಗ ನಮಗೆ ಅನುಕೂಲವಾಯಿತೆಂದು ಅವರ ಮುಖದ ಮೇಲೆ ಆ ಬಾಗಿಲನ್ನು ಹಾಕಿಕೊಳ್ಳುವುದನ್ನು. ಹಾಕಿಕೊಂಡು, ನೀವು ಬಂದಿದ್ದುದು ನಿಜವಾಗಿ ಬಂದಂತಲ್ಲ ಎಂದು ಅವರಿಗೆ ತಿಳಿಹೇಳುವುದನ್ನು.

ಸಂಘಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ಮುಂದಿನ ತಿಂಗಳ ಆಹ್ವಾನಪತ್ರಿಕೆಯಲ್ಲಿ ಸಭಾಂಗಣದ ವಿಳಾಸದ ಕೆಳಗೆ ಕೂಟದ ಲಿಂಕನ್ನೂ ಅಚ್ಚುಹಾಕಿಸಿರಿ. ವೇದಿಕೆಯ ಪಕ್ಕದಲ್ಲಿ ಒಂದು ದೊಡ್ಡ ಪರದೆಯನ್ನಿಟ್ಟು, ಅದರ ಮುಂದೆ ಧ್ವನಿಯನ್ನು ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿರಿ. ಪ್ರಶ್ನೋತ್ತರದ ವೇಳೆ ಬಂದಾಗ ಮೊದಲ ಪ್ರಶ್ನೆಯನ್ನು ಪರದೆಯಲ್ಲಿರುವವರಿಂದ ಕೇಳಿರಿ.